ಮೂರು ಸಲ ನಕ್ಕಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡೋಣ

ಅರಸೀಕೆರೆಯಿಂದ ಪತ್ರ ಬರೆದಿರುವ ಹಿರಿಯರಿಗೆ ನಮಸ್ಕಾರ.

ನಾಲ್ಕು ಪುಟದ ಪತ್ರ, ಅದೂ ಕೈಬರಹದಲ್ಲಿ. ಇಷ್ಟು ಅಚ್ಚುಕಟ್ಟಾಗಿ ಬೈಸಿಕೊಂಡು ಬಹಳ ದಿನವಾಗಿತ್ತು. ಹೋದ ಸಂಚಿಕೆಯಲ್ಲಿ ಅಮೆರಿಕದ ಹಾಸ್ಯನಟ, ನಿರ್ದೇಶಕ ಬಸ್ಟರ್ ಕೀಟನ್‌ನ 'ದಿ ಜನರಲ್' ಎಂಬ ಮೂಕಿ ಚಿತ್ರವನ್ನು ನಾವು ಹೊಗಳಿದ್ದನ್ನು ನಂಬಿ, ನೀವು ಮನೆಯವರನ್ನೂ ಮೊಮ್ಮಗನನ್ನೂ ಕೂರಿಸಿಕೊಂಡು ಮೊಬೈಲಿನಲ್ಲಿ ನೋಡಿದ್ದೀರಿ. ನೋಡಿದ ಮೇಲೆ ನೀವು ಕೊಟ್ಟ ಲೆಕ್ಕ ಹೀಗಿದೆ. ಒಂದೂಕಾಲು ಗಂಟೆಯಲ್ಲಿ ನಕ್ಕಿದ್ದು ಮೂರೇ ಸಲ. ನಾಯಕ ಒಮ್ಮೆಯೂ ನಗುವುದಿಲ್ಲ. ನಾಯಕಿಗೆ ಬುದ್ಧಿ ಕಮ್ಮಿ. ಸಂಗೀತ ಕೇಳಿದರೆ ಯಾರೋ ಹಾರ್ಮೋನಿಯಂ ಮೇಲೆ ಕೂತ ಹಾಗಿದೆ. ಚಾಪ್ಲಿನ್ ಎಲ್ಲಿ, ಇವನೆಲ್ಲಿ? ಎಲ್ಲಕ್ಕಿಂತ ದೊಡ್ಡ ತಕರಾರು, ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಯಲಿ ಅಂತ ಉತ್ತರದವರ ಮೇಲೆ ಯುದ್ಧಕ್ಕಿಳಿದ ದಕ್ಷಿಣದ ರಾಜ್ಯಗಳವರ ಪರ ನಿಂತವನನ್ನು ನಾವು ಮೆಚ್ಚಬೇಕೇ? ಕೊನೆಗೆ, "ದೊಡ್ಡವರು ಹೊಗಳಿದರು ಅಂತ ನೀವೂ ಹೊಗಳಿದ್ದೀರಿ, ಅಷ್ಟೇ" ಎಂದು ಪತ್ರ ಮುಗಿಸಿದ್ದೀರಿ.

ನಿಮ್ಮ ಕಡೆಯ ಸಾಕ್ಷಿಗಳನ್ನು ನಾನೇ ಕರೆಯುತ್ತೇನೆ. 1927ರ ಫೆಬ್ರವರಿಯಲ್ಲಿ ಈ ಚಿತ್ರ ನ್ಯೂಯಾರ್ಕಿಗೆ ಬಂದಾಗ ಅಲ್ಲಿನ ವಿಮರ್ಶಕರು ಹೇಳಿದ್ದು ಹೆಚ್ಚುಕಡಿಮೆ ನೀವು ಹೇಳಿದ್ದನ್ನೇ. ನ್ಯೂಯಾರ್ಕ್ ಟೈಮ್ಸ್‌ನ ಮೊರ್ಡಾಂಟ್ ಹಾಲ್‌ಗೆ ಇದು ಕೀಟನ್‌ನ ಹಿಂದಿನ ಚಿತ್ರಗಳ ಸಮಕ್ಕೆ ಬರಲಿಲ್ಲ. 'ವೆರೈಟಿ' ಪತ್ರಿಕೆ ಇದು ತೋಪು ಅಂತ ತೀರ್ಪು ಕೊಟ್ಟಿತು. 'ಲೈಫ್'ನ ರಾಬರ್ಟ್ ಶೆರ್ವುಡ್‌ಗೆ ಇದ್ದ ಬೇಜಾರೇ ಬೇರೆ. ಯುದ್ಧದಲ್ಲಿ ಜನ ಸಾಯುವುದನ್ನು ತೋರಿಸಿ ನಗಿಸುವುದು ಕಷ್ಟ ಅಂತ ಇವನಿಗೆ ಯಾರೂ ಹೇಳಲಿಲ್ಲವೇ ಎಂದು ಅವನು ಕೇಳಿದ. ಹಾಕಿದ ದುಡ್ಡೂ ಅಮೆರಿಕದ ಥಿಯೇಟರುಗಳಲ್ಲಿ ಹುಟ್ಟಲಿಲ್ಲ. ಕೀಟನ್ ತನ್ನಿಷ್ಟದ ಹಾಗೆ ಚಿತ್ರ ಮಾಡುವ ಸ್ವಾತಂತ್ರ್ಯ ಕಳೆದುಕೊಂಡು 1928ರಲ್ಲಿ ಎಂಜಿಎಂ ಕಂಪನಿಗೆ ಸೇರಿದ. ಅದು ತನ್ನ ಬದುಕಿನ ದೊಡ್ಡ ತಪ್ಪು ಅಂತ ಆಮೇಲೆ ಅವನೇ ಹೇಳಿಕೊಂಡ.

ಈಗ ಇನ್ನೊಂದು ಲೆಕ್ಕ ನೋಡಿ. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಜಗತ್ತಿನ ಒಳ್ಳೆಯ ಚಿತ್ರಗಳ ಪಟ್ಟಿ ಮಾಡುತ್ತದೆ. 1972ರ ಪಟ್ಟಿಯಲ್ಲಿ 'ದಿ ಜನರಲ್' 8ನೇ ಸ್ಥಾನದಲ್ಲಿತ್ತು. 1982ರಲ್ಲಿ 10ನೇ ಸ್ಥಾನ. 2022ರಲ್ಲಿ 95. ಚಿತ್ರ ಅದೇ, ನೋಡುವವರು ಬೇರೆ. ಹಾಗಾಗಿ ದೊಡ್ಡವರು ಅಂದಿರಲ್ಲ, ನಾನು ಯಾವ ವರ್ಷದ ದೊಡ್ಡವರ ಮಾತು ಕೇಳಲಿ ಹೇಳಿ. ನಾನು ಹೊಗಳಿದ್ದಕ್ಕೆ ಕಾರಣ ಬೇರೆ ಇದೆ. ಅದನ್ನು ನಿಮಗೆ ಹೇಳುವುದು ಸುಲಭ, ಯಾಕೆಂದರೆ ನಿಮ್ಮ ಪತ್ರದ ಎರಡನೇ ಪುಟದಲ್ಲಿ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ರೈಲ್ವೆಯಲ್ಲಿ ಎಂಜಿನ್‌ಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿ ಸೇರಿ, ಡ್ರೈವರ್ ಆಗಿ ನಿವೃತ್ತಿಯಾದವರು ನೀವು!

ಸಾರ್, ನೀವು ಇದನ್ನು ಕಾಮಿಡಿ ಅಂತ ನೋಡಿದ್ದೀರಿ. ಡ್ಯೂಟಿ ಅಂತ ನೋಡಬೇಕಿತ್ತು.

ಕೀಟನ್‌ನ ಜಾನಿ ಗ್ರೇ ನಗಿಸಲು ಬಂದವನಲ್ಲ. ಅವನೊಬ್ಬ ಎಂಜಿನ್ ಡ್ರೈವರ್. ಅವನ ಗಾಡಿಯನ್ನು ಯಾರೋ ಕದ್ದರು, ಅದನ್ನು ಹಿಡಿಯಬೇಕು. ಮೊದಲು ಓಡುತ್ತಾನೆ, ಆಮೇಲೆ ತಳ್ಳುಗಾಡಿ ಹತ್ತುತ್ತಾನೆ, ಆಮೇಲೆ ಇನ್ನೊಂದು ಎಂಜಿನ್ ಸಿಗುತ್ತದೆ. ಸೌದೆ ಹಾಕಬೇಕು, ನೀರು ನೋಡಬೇಕು, ಹಳಿ ಮೇಲೆ ಬಿದ್ದಿದ್ದನ್ನು ತೆಗೆಯಬೇಕು. ಎಲ್ಲಾ ಒಬ್ಬನೇ. ಅವನ ತಲೆಯಲ್ಲಿ ಬೇರೇನೂ ಇಲ್ಲ. ನಗು ಬರುವುದು ಅಲ್ಲಿಂದಲೇ. ಸೌದೆ ಕಡಿಯುವ ದೃಶ್ಯ ನೆನಪಿದೆಯಾ? ಇವನು ಎಂಜಿನ್ ಹಿಂದಿನ ಸೌದೆ ಗಾಡಿ, ಅಂದರೆ ಟೆಂಡರ್ ಮೇಲೆ ನಿಂತು ತಲೆ ಎತ್ತದೆ ಕೊಡಲಿ ಬೀಸುತ್ತಿದ್ದಾನೆ. ಹಿಂದೆ ದಕ್ಷಿಣದ ಸೈನ್ಯ ಹಿಂದಕ್ಕೆ ಓಡುತ್ತದೆ, ಅದರ ಬೆನ್ನಿಗೆ ಉತ್ತರದ ಸೈನ್ಯ ಮುಂದಕ್ಕೆ ನುಗ್ಗುತ್ತದೆ. ಇವನಿಗೆ ಗೊತ್ತೇ ಇಲ್ಲ. ಕೆಲಸದಲ್ಲಿ ಮುಳುಗಿದವನ ಬೆನ್ನ ಹಿಂದೆ ಚರಿತ್ರೆಯೇ ಹಾದುಹೋದರೂ ಅವನಿಗೆ ಮುಂದಿನ ಸೌದೆಯದೇ ಚಿಂತೆ.

ಫುಟ್‌ಪ್ಲೇಟ್ ಮೇಲೆ ನಿಂತು ಗೇಜ್ ನೋಡುವಾಗ ನೀವು ನಗುತ್ತಿದ್ದಿರಾ? ಅವನೂ ನಗುವುದಿಲ್ಲ, ಅಷ್ಟೇ. ಈ ನಗದ ಮುಖಕ್ಕೆ ಹಳೇ ಕಥೆಯೂ ಇದೆ. ಕೀಟನ್ ಎಳೆಯ ವಯಸ್ಸಿನಲ್ಲೇ ಅಪ್ಪ ಅಮ್ಮನ ಜೊತೆ ಸ್ಟೇಜ್ ಹತ್ತಿದವನು. ಹಿಡಿದು ಎಸೆಯಲು ಸುಲಭವಾಗಲಿ ಅಂತ ಅವನ ಬಟ್ಟೆಗೆ ಸೂಟ್‌ಕೇಸಿನ ಹಿಡಿ ಹೊಲಿದಿದ್ದರಂತೆ. ಬಿದ್ದೆದ್ದ ಹುಡುಗ ನಕ್ಕರೆ ಜನ ಸುಮ್ಮನಿರುತ್ತಿದ್ದರು, ಗಂಭೀರವಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದರು. ಅವನು ಪಾಠ ಕಲಿತದ್ದು ಅಲ್ಲಿ.

ನಿಮ್ಮ ಮೊಮ್ಮಗ ನಕ್ಕ ಜಾಗವನ್ನೂ ಬರೆದಿದ್ದೀರಿ. ಹುಡುಗಿ ತನ್ನನ್ನು ಹೇಡಿ ಅಂದುಕೊಂಡಳಲ್ಲ ಅಂತ ಜಾನಿ ಸಪ್ಪೆ ಮುಖ ಮಾಡಿಕೊಂಡು ಎಂಜಿನ್ ಚಕ್ರಗಳನ್ನು ಜೋಡಿಸುವ ರಾಡ್ ಮೇಲೆ ಕೂರುತ್ತಾನೆ. ಗಾಡಿ ಹೊರಡುತ್ತದೆ. ರಾಡ್ ಜೊತೆ ಅವನೂ ಮೇಲೆ, ಕೆಳಗೆ, ಮತ್ತೆ ಮೇಲೆ. ಮೊಮ್ಮಗ ನಕ್ಕರೆ ನೀವು "ಹುಚ್ಚುತನ, ಚಕ್ರ ಜಾರಿದ್ದರೆ ಸತ್ತೇ ಹೋಗುತ್ತಿದ್ದ" ಅಂದಿರಂತೆ. ಅಪ್ಪಟ ಡ್ರೈವರ್ ಮಾತು! ನಿಂತ ಎಂಜಿನ್‌ಗೆ ಒಮ್ಮೆಲೇ ಸ್ಟೀಮ್ ಜಾಸ್ತಿ ಕೊಟ್ಟರೆ ಚಕ್ರ ಗರಗರ ತಿರುಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಆ ದೃಶ್ಯದಲ್ಲಿ ಮೋಸ ಇಲ್ಲ. ಕೂತವನು ಕೀಟನ್, ಚಲಿಸಿದ್ದು ನಿಜವಾದ ಎಂಜಿನ್. ಮೊಮ್ಮಗ ಕಂಡಿದ್ದು ತಮಾಷೆ, ನೀವು ಕಂಡಿದ್ದು ಅಪಾಯ. ಎರಡೂ ಅದರಲ್ಲೇ ಇದೆ.

ಸ್ಲೀಪರ್, ಅಂದರೆ ಹಳಿ ಕೆಳಗೆ ಹಾಕುವ ಮರದ ದಿಮ್ಮಿ, ತೆಗೆಯುವ ದೃಶ್ಯವೂ ಹಾಗೇ. ಜಾನಿ ಎಂಜಿನ್ ಮುಂದೆ ಹಳಿಯ ಅಡ್ಡಿ ತಳ್ಳಲು ಇರುವ ಕೌಕ್ಯಾಚರ್ ಎಂಬ ಚೌಕಟ್ಟಿನ ಮೇಲೆ ಕೂತಿದ್ದಾನೆ, ಎದೆ ಮೇಲೆ ಒಂದು ದೊಡ್ಡ ಸ್ಲೀಪರ್. ಹಳಿ ಮೇಲೆ ಇನ್ನೊಂದು ಬಿದ್ದಿದೆ. ಕೈಯಲ್ಲಿದ್ದುದನ್ನು ಅದರ ತುದಿಗೆ ಸರಿಯಾಗಿ ಎಸೆದಾಗ ಎರಡೂ ಹಳಿಯಿಂದಾಚೆ. ಗುರಿ ತಪ್ಪಿದ್ದರೆ ಚಿತ್ರವೂ ಇಲ್ಲ, ಕೀಟನ್ನೂ ಇಲ್ಲ.

ಸೇತುವೆ ಕುಸಿಯುವುದು ನೋಡಿ ನೀವು ನಕ್ಕಿದ್ದು ಮೂರನೇ ಸಲ. ನಕ್ಕಿದ್ದು ರೈಲು ಬಿದ್ದಾಗ ಅಲ್ಲ, ಆಮೇಲೆ ಆ ಸೇನಾಧಿಕಾರಿಯ ಮುಖ ನೋಡಿ. ಒಳ್ಳೆ ಕಣ್ಣು ನಿಮ್ಮದು. ಅದನ್ನು ತೆಗೆದದ್ದು 1926ರ ಜುಲೈ 23ರಂದು, ಆರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಎಂಬ ಊರಿನ ಹತ್ತಿರ. ಆಟಿಕೆ ಸೇತುವೆ ಅಲ್ಲ, ನಿಜವಾದ ಎಂಜಿನ್ ನಿಜವಾದ ನದಿಗೆ ಬಿತ್ತು. ಅದೊಂದಕ್ಕೇ 42,000 ಡಾಲರ್ ಖರ್ಚಾಯಿತು ಅಂತ ಲೆಕ್ಕ ಹೇಳುತ್ತಾರೆ. ಇನ್ನೊಂದು ಟೇಕ್ ಅನ್ನುವ ಮಾತೇ ಇಲ್ಲ. ಎಂಜಿನ್ ವರ್ಷಗಟ್ಟಲೆ ನದಿಯಲ್ಲೇ ಬಿದ್ದಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಕಬ್ಬಿಣಕ್ಕೆ ಬೆಲೆ ಬಂದಾಗ ಎತ್ತಿ ಗುಜರಿಗೆ ಹಾಕಿದರು. ಅಷ್ಟು ದುಡ್ಡು ನೀರಿಗೆ ಹಾಕಿ ಕೀಟನ್ ಕೊನೆಗೆ ತೋರಿಸುವುದೇನು? ಬಾಯಿ ಬಿಟ್ಟುಕೊಂಡು ನಿಂತ ಒಬ್ಬ ಅಧಿಕಾರಿ.

ಈಗ ನಿಮ್ಮ ದೊಡ್ಡ ತಕರಾರಿಗೆ ಬರೋಣ. ಇಲ್ಲಿ ನಾನು ನಿಮ್ಮ ಜೊತೆ ಜಗಳವಾಡುವುದಿಲ್ಲ.

ಕಥೆ ನಡೆದದ್ದು ನಿಜ. 1862ರ ಏಪ್ರಿಲ್ 12. ಜೇಮ್ಸ್ ಆಂಡ್ರೂಸ್ ಎಂಬ ಗೂಢಚಾರ ಉತ್ತರದ ಸೈನಿಕರನ್ನು ಕಟ್ಟಿಕೊಂಡು ಜಾರ್ಜಿಯಾದ ಬಿಗ್ ಶಾಂಟಿ ಸ್ಟೇಷನ್ನಿನಲ್ಲಿ, ಎಲ್ಲರೂ ತಿಂಡಿಗೆ ಇಳಿದ ಹೊತ್ತಿಗೆ 'ಜನರಲ್' ಎಂಜಿನ್ ಕದ್ದ. ಬೆನ್ನಟ್ಟಿದ್ದು ಡ್ರೈವರ್ ಒಬ್ಬನೇ ಅಲ್ಲ, ಮುಂದೆ ನಿಂತವನು ವಿಲಿಯಂ ಫುಲ್ಲರ್ ಎಂಬ ಕಂಡಕ್ಟರ್. ಕೊನೆಗೆ ಸೌದೆ ಮುಗಿದು, ಸ್ಟೀಮ್ ಇಳಿದು ಗಾಡಿ ನಿಂತಿತು. ಆಂಡ್ರೂಸ್ ಸೇರಿ ಎಂಟು ಜನರನ್ನು ದಕ್ಷಿಣದವರು ಗಲ್ಲಿಗೇರಿಸಿದರು. ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ ಮೆಡಲ್ ಆಫ್ ಆನರ್ ಮೊಟ್ಟಮೊದಲು ಸಿಕ್ಕಿದ್ದು ಈ ಗುಂಪಿನ ಸೈನಿಕರಿಗೇ, 1863ರಲ್ಲಿ. ಅಂದರೆ ದೇಶ ವೀರರು ಅಂತ ಕರೆದವರು ಚಿತ್ರದಲ್ಲಿ ಕಳ್ಳರು. ಸೋತ ದಕ್ಷಿಣದವರನ್ನು ವಿಲನ್ ಮಾಡಿದರೆ ಜನ ಒಪ್ಪುವುದಿಲ್ಲ ಅನ್ನುವುದು ಕೀಟನ್ ಕೊಟ್ಟ ಕಾರಣ. ಅದು ವ್ಯಾಪಾರದ ಲೆಕ್ಕ, ನ್ಯಾಯದ್ದಲ್ಲ. ಸೋತ ದಕ್ಷಿಣದ ಬಗ್ಗೆ ಮರುಕ ತುಂಬಿದ ಕಥೆಗಳು ಆಗ ಅಮೆರಿಕದಲ್ಲಿ ಚೆನ್ನಾಗಿ ಓಡುತ್ತಿದ್ದವು. ಆ ಗಾಳಿಗೆ ಇದೂ ತೂರಿಕೊಂಡಿತು. ಯುದ್ಧ ಯಾತಕ್ಕೆ ಅನ್ನುವ ಮಾತನ್ನೇ ಈ ಚಿತ್ರ ಎತ್ತುವುದಿಲ್ಲ. ಜಾನಿಗೂ ಆ ಚಿಂತೆ ಇಲ್ಲ. ಅವನು ಸೈನ್ಯಕ್ಕೆ ಹೆಸರು ಬರೆಸಲು ಓಡುವುದು ಹುಡುಗಿ ಮೆಚ್ಚಲಿ ಅಂತ, ಶತ್ರುವಿನ ಬೆನ್ನಟ್ಟುವುದು ಎಂಜಿನ್ ಹೋಯಿತು ಅಂತ. ಇದನ್ನು ನಾನು ಸಮರ್ಥನೆಯಾಗಿ ಹೇಳುತ್ತಿಲ್ಲ. ಯೋಚಿಸದೆ ಇರುವುದೂ ಒಂದು ಪಕ್ಷವೇ. ಹೋದ ಸಂಚಿಕೆಯ ಲೇಖನದಲ್ಲಿ ನಾವು ಇದನ್ನು ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು. ಹೇಳಲಿಲ್ಲ, ಅದು ನಮ್ಮ ತಪ್ಪು.

ಶೆರ್ವುಡ್ ಮಾತೂ ಪೂರ್ತಿ ಸುಳ್ಳಲ್ಲ. ಕೊನೆಯ ಕಾಳಗದಲ್ಲಿ ಜಾನಿಯ ಪಕ್ಕ ಫಿರಂಗಿ ಹೊಡೆಯುವವರು ಒಬ್ಬೊಬ್ಬರಾಗಿ ಗುಂಡೇಟಿಗೆ ಉರುಳುತ್ತಾರೆ. ಜಾನಿ ಕತ್ತಿ ಝಳಪಿಸಿದರೆ ಅದರ ಅಲಗು ಹಿಡಿಯಿಂದ ಕಳಚಿ ಹಾರಿ ಮರೆಯಲ್ಲಿದ್ದ ಬಂದೂಕಿನವನಿಗೆ ನಾಟುತ್ತದೆ. ಅಲ್ಲಿ ನನಗೂ ನಗು ಬರುವುದಿಲ್ಲ.

ಆದರೆ ನಾಯಕಿಯ ವಿಷಯದಲ್ಲಿ ನೀವು ಆತುರ ಪಟ್ಟಿದ್ದೀರಿ. ಆನಬೆಲ್ ತೂತಿರುವ ಸೌದೆ ಚೆನ್ನಾಗಿಲ್ಲ ಅಂತ ಆಚೆ ಎಸೆಯುತ್ತಾಳೆ, ಶತ್ರುಗಳು ಬೆನ್ನಟ್ಟಿ ಬರುತ್ತಿರುವಾಗ ಎಂಜಿನ್ ಕಸ ಗುಡಿಸುತ್ತಾಳೆ, ಒಲೆಗೆ ಚಕ್ಕೆ ಹಾಕುತ್ತಾಳೆ. ಜಾನಿ ಸಿಟ್ಟಿನಿಂದ ಇನ್ನೂ ಚಿಕ್ಕ ಚಕ್ಕೆ ಕೊಟ್ಟರೆ ಅದನ್ನೂ ನೀಟಾಗಿ ಹಾಕುತ್ತಾಳೆ. ಅವನು ಕತ್ತು ಹಿಡಿದು ಅಲ್ಲಾಡಿಸಿ, ಮರುಗಳಿಗೆಯಲ್ಲೇ ಮುತ್ತು ಕೊಡುತ್ತಾನೆ. ಇವತ್ತು ಯಾರಾದರೂ ಹೀಗೆ ತೆಗೆದರೆ ಬೈದು ಬರೆಯುವವರ ಸಾಲಲ್ಲಿ ನಾನೂ ಇರುತ್ತೇನೆ. ಆದರೆ ಅವಳು ಹಳಿ ಅಡ್ಡಕ್ಕೆ ಎರಡು ಪುಟ್ಟ ಮರಗಳಿಗೆ ಹಗ್ಗ ಕಟ್ಟಿದ್ದು? ಜಾನಿ ಅದನ್ನು ನೋಡಿ ಏನಿದು ಅನ್ನುವಂತೆ ನಿಲ್ಲುತ್ತಾನೆ, ನಾವೂ ಹಾಗೇ ನಿಲ್ಲುತ್ತೇವೆ. ಹಿಂದೆ ಬಂದ ಗಾಡಿ ಅದೇ ಹಗ್ಗಕ್ಕೆ ಸಿಕ್ಕಿ ಒದ್ದಾಡುತ್ತದೆ. ಪೆದ್ದಿ ಅಂತ ನಗುತ್ತಿದ್ದವರಿಗೆ ಕೀಟನ್ ಇಟ್ಟ ಬತ್ತಿ ಅದು.

ಚಾಪ್ಲಿನ್ ಮೇಲೋ ಕೀಟನ್ ಮೇಲೋ ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ. ಇಡ್ಲಿ ಮೇಲೋ ದೋಸೆ ಮೇಲೋ ಅಂದ ಹಾಗಾಗುತ್ತದೆ. ಚಾಪ್ಲಿನ್ ನಮ್ಮ ಕಡೆ ತಿರುಗಿ ನೋಡುತ್ತಾನೆ, ಕೀಟನ್ ಕೆಲಸದ ಕಡೆ. ಅಷ್ಟು ಸಾಕು.

ಇನ್ನು ಆ ಹಾರ್ಮೋನಿಯಂ. ಅದು ಕೀಟನ್ ತಪ್ಪಲ್ಲ. ಈ ಚಿತ್ರದ ಕಾಪಿರೈಟ್ ಅಮೆರಿಕದಲ್ಲಿ ಎಂದೋ ಮುಗಿದುಹೋಗಿದೆ. ಯಾರು ಬೇಕಾದರೂ ಸವೆದ ಪ್ರಿಂಟ್ ಹಿಡಿದು, ಕೈಗೆ ಸಿಕ್ಕ ಸಂಗೀತ ಅಂಟಿಸಿ ಮಾರಬಹುದು. ಮೂಕಿ ಕಾಲದಲ್ಲಿ ಫಿಲ್ಮ್ ಓಡುವ ವೇಗವೂ ಎಲ್ಲಾ ಕಡೆ ಒಂದೇ ಇರಲಿಲ್ಲ. ವೇಗ ಜಾಸ್ತಿಯಾದರೆ ಮನುಷ್ಯರು ಇರುವೆಗಳ ಹಾಗೆ ಓಡುತ್ತಾರೆ, ತಮಾಷೆಯ ಲಯ ಕೆಡುತ್ತದೆ. ನಾನು ಮೊದಲು ನೋಡಿದ್ದೂ ಅಂಥದ್ದೇ ಪ್ರಿಂಟ್, ಒಂದು ಫಿಲ್ಮ್ ಸೊಸೈಟಿಯಲ್ಲಿ. ನಿಜ ಹೇಳಬೇಕೆಂದರೆ ಮಧ್ಯದಲ್ಲಿ ತೂಕಡಿಸಿದ್ದೆ. ಎರಡನೇ ಸಲ ಚೊಕ್ಕ ಮಾಡಿದ ಪ್ರಿಂಟ್ ಸಿಕ್ಕಿತು. ಕಾರ್ಲ್ ಡೇವಿಸ್ 1987ರಲ್ಲಿ ಮಾಡಿದ ಸಂಗೀತ ಅದಕ್ಕಿತ್ತು. ಜಪಾನಿನ ಜೋ ಹಿಸೈಶಿ ಮಾಡಿದ ಸಂಗೀತವೂ ಇದೆ. ಎರಡರಲ್ಲಿ ಯಾವುದು ಸಿಕ್ಕರೂ ಆಗಬಹುದು. ಮೊಬೈಲ್ ಮಾತ್ರ ಬೇಡ, ಸಾರ್. ಕೀಟನ್ ಕ್ಯಾಮೆರಾವನ್ನು ದೂರ ಇಟ್ಟು ತೆಗೆಯುವವನು. ಅವನು ಪರದೆಯ ಈ ಮೂಲೆಯಲ್ಲಿದ್ದರೆ ತಮಾಷೆ ಆ ಮೂಲೆಯಲ್ಲಿರುತ್ತದೆ. ಅಂಗೈಯಗಲದ ಪರದೆಯಲ್ಲಿ ಹಿಂದೆ ಓಡುವ ಸೈನ್ಯ ಧೂಳಿನ ಹಾಗೆ ಕಾಣುತ್ತದೆ. ಮಗನ ಟಿವಿ ಇದೆ ಅಂತ ನೀವೇ ಬರೆದಿದ್ದೀರಿ, ಕ್ರಿಕೆಟ್ ಇಲ್ಲದ ದಿನ ಕೇಳಿ ನೋಡಿ.

ಮತ್ತೆ ನೋಡಿದರೆ ನನಗೊಂದು ಉಪಕಾರ ಮಾಡಿ. ನೀವು ಕಲ್ಲಿದ್ದಲು ಎರಚಿದವರು, ಅವನದು ಸೌದೆ. ಆದರೂ ಬೆಂಕಿ ಬೆಂಕಿಯೇ ಅಲ್ವಾ? ಅವನು ಸೌದೆ ಒಟ್ಟುವ ರೀತಿ, ಸ್ಟೀಮ್ ಬಿಡುವ ರೀತಿ, ಗಾಡಿಯನ್ನು ಇನ್ನೊಂದು ಹಳಿಗೆ ತಿರುಗಿಸುವ ಪಾಯಿಂಟ್ಸ್ ಬದಲಾಯಿಸುವ ರೀತಿ ಸರಿ ಇದೆಯೋ ಇಲ್ಲವೋ ಬರೆಯಿರಿ. ಆನಬೆಲ್ ಆ ತೂತಿನ ಸೌದೆ ಎಸೆದದ್ದು ತಪ್ಪೋ ಅಲ್ಲವೋ ಅದನ್ನೂ ಹೇಳಿ. ನಮ್ಮ ಕಚೇರಿಯಲ್ಲಿ ಇದನ್ನು ಹೇಳಬಲ್ಲವರು ಒಬ್ಬರೂ ಇಲ್ಲ. ಪತ್ರ ಬಂದರೆ ಪೂರ್ತಿ ಅಚ್ಚು ಹಾಕುತ್ತೇವೆ, ಬೈಗುಳ ಸಮೇತ.

– ಸಂಪಾದಕ