ಹೇಗ್ ಕೋರ್ಟಿಗೆ ಪೊಲೀಸರಿಲ್ಲ, ಮತ್ತೆ ಅದರ ಮಾತು ಯಾರು ಕೇಳ್ತಾರೆ?

ಪ್ರಶ್ನೆ: ಸರ್, ಮಹದಾಯಿ ನ್ಯಾಯಮಂಡಳಿ 2018ರಲ್ಲೇ ತೀರ್ಪು ಕೊಟ್ಟಿತು. ಕಳಸಾ-ಬಂಡೂರಿ ನೀರು ಇನ್ನೂ ಮಲಪ್ರಭೆಗೆ ಬಂದಿಲ್ಲ. ಒಂದೇ ದೇಶದ ಎರಡು ರಾಜ್ಯಗಳ ಕಥೆಯೇ ಹೀಗಿದ್ದರೆ, ಅಂತರರಾಷ್ಟ್ರೀಯ ಕಾನೂನು ದೇಶ ದೇಶಗಳ ಯುದ್ಧ ತಡೆಯುತ್ತದೆ ಅನ್ನೋದು ಸುಮ್ನೆ ಮಾತಲ್ವಾ? ರಷ್ಯಾವನ್ನು ಯಾರು ತಡೆದರು?
— ಓದುಗರೊಬ್ಬರು, ನವಲಗುಂದ

ಉತ್ತರ: ಯಾರೂ ತಡೆಯಲಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡುಬಿಡೋಣ.

ಇನ್ನೊಂದು ದೇಶದ ಮೇಲೆ ಬಲ ಬಳಸಬಾರದು, ಬಳಸುತ್ತೇನೆ ಅಂತ ಬೆದರಿಸಲೂಬಾರದು ಎಂದು 1945ರ ವಿಶ್ವಸಂಸ್ಥೆ ಸನ್ನದು ಹೇಳುತ್ತದೆ. ಇದನ್ನು ನೋಡಿಕೊಳ್ಳಬೇಕಾದದ್ದು ಭದ್ರತಾ ಮಂಡಳಿ. ಅಲ್ಲಿ ಕಾಯಂ ಸದಸ್ಯರು ಐವರು, ನಮ್ಮ ಹಳೆಯ ಪಂಚರ ಹಾಗೆ. ಆದರೆ ಒಬ್ಬ ಬೇಡ ಅಂದರೂ ನಿರ್ಣಯ ಬಿದ್ದುಹೋಗುತ್ತದೆ. 2022ರ ಫೆಬ್ರುವರಿಯಲ್ಲಿ ಆಗಿದ್ದು ಅದೇ. ಉಕ್ರೇನಿಗೆ ಸೈನ್ಯ ನುಗ್ಗಿಸಿದ ರಷ್ಯಾ ತಾನೇ ಪಂಚನಾಗಿ ಕೂತು ವಿಟೋ ಹಾಕಿತು. ಮುಂದಿನ ತಿಂಗಳು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ, ಕಾರ್ಯಾಚರಣೆ ನಿಲ್ಲಿಸಿ ಎಂದು 13-2 ಬಹುಮತದಿಂದ ಆದೇಶಿಸಿತು. ರಷ್ಯಾ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಗಾದರೆ ಈ ಕಾನೂನಿನಿಂದ ಏನು ಉಪಯೋಗ? ನಮ್ಮ ಕಡೆ ಬದುವಿನ ಜಗಳ ನೋಡಿರುತ್ತೀರಿ. ಎರಡು ಮನೆಯವರು ವರ್ಷಗಟ್ಟಲೆ ಮಾತು ಬಿಟ್ಟಿರುತ್ತಾರೆ. ಕೊನೆಗೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಮೋಜಣಿ ಮಾಡಿಸಿ, ಬಾಂದಗಲ್ಲು ನೆಡುತ್ತಾರೆ. ಎರಡು ಗುಂಟೆ ಕಳೆದುಕೊಂಡವನು ಮನೆಗೆ ಬಂದು ಏನು ಹೇಳುತ್ತಾನೆ? "ಸರ್ಕಾರಿ ಅಳತೆ, ನಾ ಏನ್ ಮಾಡ್ಲಿ?" ಸೋತೆ ಅಂತ ಹೇಳಿಕೊಳ್ಳದೆ ಜಗಳ ಬಿಡುವುದಕ್ಕೆ ಅವನಿಗೊಂದು ದಾರಿ ಸಿಕ್ಕಿತು. ಸರ್ಕಾರಗಳಿಗೂ ಬೇಕಾಗುವುದು ಇದೇ. ಹೊಡೆದಾಡಲೇಬೇಕು ಅಂದವರನ್ನು ಕಾನೂನು ನಿಲ್ಲಿಸುವುದು ಕಷ್ಟ. ಸಾಕಾಗಿದೆ, ಆದರೆ ಹಿಂದೆ ಸರಿದರೆ ಮರ್ಯಾದೆ ಹೋಗುತ್ತದೆ ಅನ್ನುವವರಿಗೆ ಅದು ತುಂಬಾ ಉಪಯೋಗಕ್ಕೆ ಬರುತ್ತದೆ.

ನಮ್ಮದೇ ಉದಾಹರಣೆ ಇದೆ. 1965ರ ಏಪ್ರಿಲ್‌ನಲ್ಲಿ ಗುಜರಾತಿನ ಗಡಿಯ ಉಪ್ಪುಬಯಲಾದ ಕಛ್‌ನ ರಣ್‌ನಲ್ಲಿ ಭಾರತ, ಪಾಕಿಸ್ತಾನದ ಸೈನ್ಯಗಳು ಕಾದಾಡಿದವು. ಪಾಕಿಸ್ತಾನ ಕೇಳಿದ್ದು ಸುಮಾರು 3,500 ಚದರ ಮೈಲಿ. ಜೂನ್ ಕೊನೆಯಲ್ಲಿ ಕದನ ನಿಂತಿತು, ಗಡಿಯ ವಿಷಯವನ್ನು ಮೂವರ ಮಂಡಳಿಗೆ ಬಿಡಲು ಇಬ್ಬರೂ ಒಪ್ಪಿದರು. ಭಾರತ ಒಬ್ಬರನ್ನು, ಪಾಕಿಸ್ತಾನ ಒಬ್ಬರನ್ನು ಆರಿಸಿತು, ಅಧ್ಯಕ್ಷರು ಸ್ವೀಡನ್ನಿನವರು. ತಮಾಷೆ ನೋಡಿ, ಒಂದೆರಡು ತಿಂಗಳಲ್ಲೇ ಕಾಶ್ಮೀರದ ವಿಷಯಕ್ಕೆ ದೊಡ್ಡ ಯುದ್ಧವೇ ಆಯಿತು. ಆದರೂ ಆ ಒಪ್ಪಂದವನ್ನು ಯಾರೂ ಹರಿದು ಹಾಕಲಿಲ್ಲ. ಎರಡೂ ಕಡೆಯ ವಕೀಲರು ಜಿನೀವಾದಲ್ಲಿ ಹಳೆಯ ನಕ್ಷೆಗಳನ್ನು ಹರಡಿಕೊಂಡು ವಾದ ಮಾಡಿದರು.

1968ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಪಾಕಿಸ್ತಾನಕ್ಕೆ ಕೇಳಿದ್ದರಲ್ಲಿ ಸುಮಾರು ಹತ್ತನೇ ಒಂದು ಪಾಲು ಸಿಕ್ಕಿತು. ಇಲ್ಲಿ ವಿರೋಧ ಪಕ್ಷಗಳು ಗಲಾಟೆ ಮಾಡಿದವು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಆದರೆ ಸರ್ಕಾರ ಕೊಟ್ಟ ಮಾತು ಉಳಿಸಿಕೊಂಡಿತು. 1971ರಲ್ಲಿ ನಮ್ಮ ಸೈನ್ಯ ಆ ಭಾಗದಲ್ಲಿ ಗಡಿ ದಾಟಿತ್ತು, 1972ರ ಶಿಮ್ಲಾ ಒಪ್ಪಂದದ ಬಳಿಕ ಅದೇ ಗಡಿಯ ಹಿಂದಕ್ಕೆ ಬಂತು.

ಆಫ್ರಿಕಾದ ಬಕಾಸಿ ಪ್ರದೇಶದಲ್ಲೂ ಹೀಗೇ. ಅದು ಕ್ಯಾಮರೂನಿಗೆ ಸೇರಿದ್ದು ಎಂದು 2002ರಲ್ಲಿ ಹೇಗ್ ಕೋರ್ಟ್ ಹೇಳಿತು. ತನಗಿಂತ ಎಷ್ಟೋ ಚಿಕ್ಕ ದೇಶಕ್ಕೆ ನೈಜೀರಿಯಾ ಅದನ್ನು ಬಿಟ್ಟುಕೊಟ್ಟಿತು. ಆರು ವರ್ಷ ಹಿಡಿಯಿತು ಅನ್ನಿ.

ತೀರ್ಪು ಬರುವುದೇ ಬೇರೆ, ಜಾರಿಯಾಗುವುದೇ ಬೇರೆ. ಮಹದಾಯಿಯಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಕಾಗದದ ಮೇಲೆ ಸಿಕ್ಕಿದ್ದರೂ, ಅನುಮತಿಗಳಿಗಾಗಿ ಕಾಯುತ್ತಿರುವ ನವಲಗುಂದದವರಿಗೆ ನಾನು ಅದನ್ನು ಹೇಳಿಕೊಡಬೇಕಿಲ್ಲ. ಆದರೆ ಆ ಕಛ್ ಗಡಿಯ ಪಶ್ಚಿಮ ತುದಿಯನ್ನೇ ನೋಡಿ. ಅಲ್ಲಿ ಕಡಲಿಗೆ ಸೇರುವ ಸರ್ ಕ್ರೀಕ್ ಎಂಬ ಅಳಿವೆಯ ವಿಷಯವನ್ನು ಆ ಮಂಡಳಿಯ ಮುಂದೆ ಇಟ್ಟಿರಲಿಲ್ಲ. ಅದರ ತಕರಾರು ಇನ್ನೂ ಮುಗಿದಿಲ್ಲ.