ಐದು ಸಲ ಸೋತವನು ದೊಡ್ಡವನು ಹೇಗೆ?

ಪ್ರಶ್ನೆ: ಸರ್, ಮುಹಮ್ಮದ್ ಅಲಿಯಷ್ಟು ದೊಡ್ಡ ಬಾಕ್ಸರ್ ಇಲ್ಲ ಅಂತಾರೆ. ಆದರೆ ಆತ ಐದು ಸಲ ಸೋತಿದ್ದಾನೆ. ರಾಕಿ ಮಾರ್ಸಿಯಾನೊ 49 ಪಂದ್ಯ ಆಡಿ 49ನ್ನೂ ಗೆದ್ದ. ಅಲಿಯದು ಸುಮ್ನೆ ಹೆಸರಿನ ಗದ್ದಲ ಅಲ್ವಾ?
– ಕಾಲೇಜು ವಿದ್ಯಾರ್ಥಿ, ಶಹಾಬಾದ್

ಉತ್ತರ: ಲೆಕ್ಕ ಸರಿ ಇದೆ ತಮ್ಮಾ. 61 ಪಂದ್ಯ, 56 ಗೆಲುವು, 5 ಸೋಲು. ಆ ಐದು ಯಾವಾಗ ಬಂದವು ಅಂತಲೂ ನೋಡು. ಮೂರು ಸೋಲು ಕೊನೆಯ ನಾಲ್ಕು ಪಂದ್ಯಗಳಲ್ಲೇ ಇವೆ, ವಯಸ್ಸು 36 ದಾಟಿದ ಮೇಲೆ. ಉಳಿದೆರಡು ಜೋ ಫ್ರೇಜಿಯರ್, ಕೆನ್ ನಾರ್ಟನ್ ಕೈಲಿ. ಅವರಿಬ್ಬರನ್ನೂ ಆಮೇಲೆ ಎರಡೆರಡು ಸಲ ಸೋಲಿಸಿದ.

ಇನ್ನೊಂದು ಲೆಕ್ಕ ನಿನ್ನ ಪತ್ರದಲ್ಲಿಲ್ಲ. 1967ರಲ್ಲಿ ಸೈನ್ಯಕ್ಕೆ ಸೇರಲ್ಲ, ವಿಯೆಟ್ನಾಂ ಯುದ್ಧ ನನಗೆ ಬೇಡ ಅಂದ. ಪಟ್ಟ ಹೋಯಿತು, ಲೈಸೆನ್ಸೂ ಹೋಯಿತು. 25ರಿಂದ 28ರವರೆಗೆ, ಮೂರೂವರೆ ವರ್ಷ, ಒಂದು ಪಂದ್ಯವೂ ಇಲ್ಲ. ಆ ವಯಸ್ಸಿನ ಮೂರು ವರ್ಷ ಅಂದ್ರೆ ಏನು ಅಂತ ಯಾವ ಪೈಲ್ವಾನನನ್ನಾದರೂ ಕೇಳು.

ನಾನು ಹುಡುಗನಿದ್ದಾಗ ಗುಲ್ಬರ್ಗದ ಒಂದು ಕುಸ್ತಿ ತಾಲೀಮಿಗೆ ಹೋಗುತ್ತಿದ್ದೆ. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ ಹಾಕಿ ಕಲಸುತ್ತಿದ್ದರು. ಮನೆಗೆ ಬಂದರೆ 'ಹುಳಿ ನಾತ, ದೂರ ನಿಲ್ಲು' ಅಂತ ಅವ್ವ ಗದರುತ್ತಿದ್ದಳು. 1974ರ ಅಕ್ಟೋಬರ್ 30ಕ್ಕೆ ಕಿನ್ಶಾಸಾದಲ್ಲಿ ಅಲಿ–ಜಾರ್ಜ್ ಫೋರ್‌ಮನ್ ಪಂದ್ಯ. ಅಲ್ಲಿ ಬೆಳಗಿನ ಜಾವ ನಾಲ್ಕು, ನಮ್ಮಲ್ಲಿ ಎಂಟೂವರೆ. ಪೇಪರಿನ ಫೋಟೊ ಕತ್ತರಿಸಿ ನಮ್ಮ ಉಸ್ತಾದರು ಗೋಡೆಗೆ, ಹನುಮಪ್ಪನ ಪಟದ ಕೆಳಗೆ, ಗಂಜಿ ಹಚ್ಚಿ ಅಂಟಿಸಿದರು.

ಫೋರ್‌ಮನ್‌ಗೆ 25 ವರ್ಷ, 40ಕ್ಕೆ 40 ಗೆಲುವು. ಅಲಿಗೆ 32. ಎರಡನೇ ಸುತ್ತಿನಿಂದ ಅಲಿ ಹಗ್ಗಕ್ಕೆ ಒರಗಿ, ಮುಖ ಮುಚ್ಚಿಕೊಂಡು, ಎಷ್ಟು ಹೊಡೀತಿ ಹೊಡಿ ಅನ್ನೋ ಹಾಗೆ ನಿಂತ. ಏಟೆಲ್ಲ ತೋಳಿಗೆ, ಪಕ್ಕೆಗೆ. ಎಂಟನೇ ಸುತ್ತಿಗೆ ಫೋರ್‌ಮನ್ ದಮ್ಮು ಖಾಲಿ. ಅಲಿ ಹಗ್ಗ ಬಿಟ್ಟು ಬಂದು ಪಟಪಟ ಬಾರಿಸಿ ಕೆಡವಿದ. 'ಮೊದಲು ಅವನ ದಮ್ಮು ತೆಗಿ, ಆಮೇಲೆ ಪಟ್ಟು ಹಾಕು' ಅಂತ ಉಸ್ತಾದರು ನಮಗೂ ದಿನಾ ಹೇಳುತ್ತಿದ್ದರು. ಅಷ್ಟು ಹೊತ್ತು ತಡೆದುಕೊಳ್ಳೋದು ನನ್ನಿಂದ ಒಂದು ಸಲವೂ ಆಗಲಿಲ್ಲ.

1980ರಲ್ಲಿ ಅಲಿ ಮದರಾಸಿಗೆ ಬಂದಿದ್ದ. ಮದರಾಸಿನ ರೈಲು ನಮ್ಮ ಸ್ಟೇಷನ್ ಮೇಲೇ ಹೋಗುತ್ತಿತ್ತು. ಜೇಬು ಖಾಲಿ, ಹೊಲದಲ್ಲಿ ತೊಗರಿ ರಾಶಿ ಬೇರೆ. ಹೋಗಲಿಲ್ಲ. ಆ ಹಳಹಳಿ ಇನ್ನೂ ಇದೆ.

ಮಾರ್ಸಿಯಾನೊ ಜಾಣ, ಗೆಲ್ಲುತ್ತಿರುವಾಗಲೇ 32ಕ್ಕೆ ಸಾಕು ಅಂದ. ಅಲಿ 39ರವರೆಗೂ ಏಟು ತಿಂದ. ಅದು ನನಗೂ ಸರಿ ಕಾಣಲ್ಲ. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಅಂತ ಗೊತ್ತಾಯಿತು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್ ಜ್ಯೋತಿ ಹಚ್ಚುವಾಗ ಬಲಗೈಯಲ್ಲಿ ಪಂಜು, ಎಡಗೈ ಗಡಗಡ ನಡುಗುತ್ತಿತ್ತು. ನಾನು ಟಿವಿ ಮುಂದೆ ಚಹಾ ಕುಡಿಯೋದನ್ನೇ ಮರೆತೆ.

ಪ್ರಶ್ನೆ: ಮಗಳು ಬಾಕ್ಸಿಂಗ್ ಕಲೀತೀನಿ ಅಂತಾಳೆ. ಮೂಗು ಮುರಿದರೆ?
– ಒಬ್ಬ ತಾಯಿ, ಬೀದರ್

ಉತ್ತರ: ಕಳಿಸಿರಿ ಅಕ್ಕಾ. 2022, 2023ರಲ್ಲಿ ವಿಶ್ವ ಚಾಂಪಿಯನ್ ಆದ ನಿಖತ್ ಝರೀನ್ ನಿಮಗೆ ಹತ್ತಿರದ ನಿಜಾಮಾಬಾದಿನ ಹುಡುಗಿ. ಹೆಡ್‌ಗಾರ್ಡ್, ಹಲ್ಲಿನ ಗಾರ್ಡ್ ಇಲ್ಲದೆ ಕೋಚ್ ರಿಂಗಿಗೆ ಬಿಟ್ಟರೆ ಮಾತ್ರ ಅದೇ ದಿನ ವಾಪಸ್ ಕರಕೊಂಡು ಬನ್ನಿ.