ದೇವರ ಕೆಲಸಕ್ಕೆ ಬಿಲ್ ಹಾಕಬಹುದಾ?

ನಮಸ್ಕಾರ.

ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದೀರಿ, ಹಾಕುವುದಿಲ್ಲ. ಆದರೆ ಪತ್ರದಲ್ಲಿ ಏನಿತ್ತು ಅನ್ನುವುದನ್ನು ಉಳಿದ ಓದುಗರಿಗೆ ಸ್ವಲ್ಪ ಹೇಳಲೇಬೇಕು. ಇಲ್ಲದಿದ್ದರೆ ಯಾರದೋ ಫೋನ್ ಮಾತನ್ನು ಪಕ್ಕದಲ್ಲಿ ನಿಂತು ಅರ್ಧ ಕೇಳಿಸಿಕೊಂಡ ಹಾಗಾಗುತ್ತದೆ.

ನಿಮಗೆ 26 ವರ್ಷ. ಅಂದವಾಗಿ ಅಕ್ಷರ ಬರೆಯುವುದು ನಿಮ್ಮ ಹುಚ್ಚು. ನಿಮ್ಮ ಧರ್ಮದ ಪ್ರಾರ್ಥನೆಯ ಸಾಲುಗಳನ್ನು ಬ್ರಷ್ಷಿನಲ್ಲಿ ಬರೆದು, ಫ್ರೇಮ್ ಹಾಕಿಸಿ, ಎರಡು ವರ್ಷದಿಂದ ಆನ್‌ಲೈನಿನಲ್ಲಿ ಮಾರುತ್ತಿದ್ದೀರಿ. ನಂಬಿಕೆಯನ್ನೂ ಹವ್ಯಾಸವನ್ನೂ ಸೇರಿಸಿ ಉದ್ಯಮ ಕಟ್ಟಿದ ಹುಡುಗ ಹುಡುಗಿಯರ ಬಗ್ಗೆ ಹೋದ ಸಂಚಿಕೆಯಲ್ಲಿ ನಾವು ಬರೆದದ್ದು ಓದಿ ಸಿಟ್ಟು ಬಂತಂತೆ. ‘ಎಲ್ಲರೂ ನಗುತ್ತಿರುವ ಫೋಟೋ ಹಾಕಿದ್ದೀರಿ. ರಾತ್ರಿ ನಿದ್ದೆ ಬರದ ವಿಷಯ ಒಂದೂ ಇಲ್ಲ’ ಎಂದಿದ್ದೀರಿ. ಒಪ್ಪಿದೆ. ಆ ಲೇಖನಕ್ಕೆ ಸಕ್ಕರೆ ಜಾಸ್ತಿಯಾಗಿತ್ತು, ಹಾಗೇ ಅಚ್ಚಿಗೆ ಬಿಟ್ಟವನು ನಾನೇ.

ನಿಮ್ಮ ನಿದ್ದೆ ಕೆಡಿಸಿದ ಸಂಗತಿಗಳು ಇವು. ದೊಡ್ಡಮ್ಮ ‘ದೇವರನ್ನು ಮಾರಿಕೊಂಡು ತಿನ್ನುತ್ತೀಯಾ’ ಎಂದರು. ಜೊತೆಗೆ ಪ್ರಾರ್ಥನೆಗೆ ಕೂರುವವರು ‘ದೇವರ ಕೆಲಸ ಅಲ್ವಾ, ನಮಗೂ ರೇಟಾ?’ ಎನ್ನುತ್ತಾರೆ. ಅದೇ ಬಳಗದ ಹಿರಿಯರೊಬ್ಬರು ದುಡ್ಡು ಹಾಕುತ್ತೇನೆ ಅನ್ನುತ್ತಿದ್ದಾರೆ, ‘ನಾವು ನಾವೇ, ಕಾಗದ ಪತ್ರ ಯಾಕೆ’ ಅಂತಲೂ ಅನ್ನುತ್ತಿದ್ದಾರೆ. ಇನ್ನೊಂದನ್ನು ಪತ್ರದ ಅಂಚಿನಲ್ಲಿ ಸಣ್ಣದಾಗಿ ಬರೆದಿದ್ದೀರಿ: ‘ಈಗೀಗ ನನಗೋಸ್ಕರ ಅಂತ ಬ್ರಷ್ ಹಿಡಿಯುವುದೇ ಇಲ್ಲ.’

ದೊಡ್ಡಮ್ಮ ಹೇಳಿದ್ದನ್ನು ಪೂರ್ತಿ ತಳ್ಳಿಹಾಕಬೇಡಿ. ಅವರು ತಮ್ಮ ಕಾಲದಲ್ಲಿ ಅಂಥವರನ್ನು ಕಂಡೇ ಇರುತ್ತಾರೆ. ‘ಇದನ್ನು ಮನೆಯಲ್ಲಿ ಇಟ್ಟರೆ ಸಾಲ ತೀರುತ್ತದೆ, ಕಾಯಿಲೆ ಓಡುತ್ತದೆ’ ಎಂದು ಕಷ್ಟದಲ್ಲಿರುವವರಿಂದ ದುಡ್ಡು ಕೀಳುವವರು ಯಾವ ಧರ್ಮದಲ್ಲಿ ಇಲ್ಲ ಹೇಳಿ? ನಿಮ್ಮ ಪೇಜಿನಲ್ಲಿ ಅಂಥ ಮಾತು ಇಲ್ಲದಿದ್ದರೆ ನೀವು ಮಾರುತ್ತಿರುವುದು ಕಾಗದ, ಬಣ್ಣ, ವರ್ಷಗಟ್ಟಲೆ ತಿದ್ದಿ ಪಳಗಿದ ಕೈ. ಅದಕ್ಕೆ ಬೆಲೆ ಕೇಳುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೂ ಒಂದು ಸಲ ಗಿರಾಕಿಯ ಕಣ್ಣಲ್ಲಿ ಪೇಜ್ ಓದಿ ನೋಡಿ. ‘ಆಶೀರ್ವಾದ ನಿಮ್ಮ ಮನೆ ಬಾಗಿಲಿಗೆ’ ಎಂಬಂಥ ಸಾಲು ಎಲ್ಲಾದರೂ ನುಸುಳಿದ್ದರೆ ಅಳಿಸಿ. ಡೆಲಿವರಿಯವರು ತಂದುಕೊಡುವುದು ಫ್ರೇಮ್ ಮಾತ್ರ.

ರೇಟಿನ ವಿಷಯಕ್ಕೆ ಬರೋಣ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಗಡ ಹುಟ್ಟಿತು. ಅವರಿಗೆ ಚೌಕಾಸಿ ಎಂದರೆ ಆಗುತ್ತಿರಲಿಲ್ಲ. ನೂರು ಎಂದು ಹೇಳಿ ಎಪ್ಪತ್ತಕ್ಕೆ ಕೊಟ್ಟರೆ ಮೊದಲು ಹೇಳಿದ್ದು ಸುಳ್ಳು ತಾನೇ, ಸುಳ್ಳು ಹೇಳುವುದು ಪಾಪ ತಾನೇ ಎಂಬುದು ಅವರ ಲೆಕ್ಕ. ಹಾಗಾಗಿ ಅಂಗಡಿಯಲ್ಲಿ ಒಂದೇ ಬೆಲೆ. ಮಗುವನ್ನು ಕಳಿಸಿದರೂ ಅದೇ, ಊರಿನ ದೊಡ್ಡ ಮನುಷ್ಯ ಬಂದರೂ ಅದೇ. ಮೊದಮೊದಲು ಜನಕ್ಕೆ ಇದು ವಿಚಿತ್ರ ಅನ್ನಿಸಿತು. ಆಮೇಲೆ ಅದನ್ನೇ ನಂಬಿ ಬರತೊಡಗಿದರು. ಅವರಲ್ಲಿ ಯಾರಾದರೂ ದಿವಾಳಿಯಾದರೆ ಸಭೆ ಕೂತು ವಿಚಾರಿಸುತ್ತಿತ್ತು. ಅಜಾಗರೂಕತೆಯಿಂದ ಬೇರೆಯವರ ದುಡ್ಡು ಮುಳುಗಿಸಿದ್ದರೆ ಪಂಗಡದಿಂದ ಹೊರಗೆ ಹಾಕಿದ್ದೂ ಉಂಟು. ಲೆಕ್ಕದ ಪುಸ್ತಕ ಅವರಿಗೆ ಧರ್ಮದ ವಿಷಯವೇ ಆಗಿತ್ತು. ಮಾರುವ ವಸ್ತುವಿನ ಮೇಲೆ ದೇವರ ಮಾತು ಇರಬೇಕು ಎಂದೇನೂ ಇರಲಿಲ್ಲ.

ಆದ್ದರಿಂದ ‘ನಮಗೂ ರೇಟಾ’ ಎಂದವರಿಗೆ ‘ಹೌದು, ಎಲ್ಲರಿಗೂ ಇದೇ ರೇಟು’ ಎನ್ನಲು ನಾಚಿಕೆ ಬೇಡ. ಉಚಿತವಾಗಿ ಕೊಡಬೇಕು ಅನ್ನಿಸಿದರೆ ಧಾರಾಳವಾಗಿ ಕೊಡಿ. ಅದಕ್ಕೂ ಬಿಲ್ ಬರೆಯಿರಿ. ಕಾಗದ, ಬಣ್ಣ, ಫ್ರೇಮ್, ಪ್ಯಾಕಿಂಗ್, ಬ್ರಷ್ ತೊಳೆಯುವ ಹೊತ್ತು, ‘ಅಕ್ಕಾ, ಆ ಬಣ್ಣ ಸ್ವಲ್ಪ ತಿಳಿ ಮಾಡ್ತೀರಾ’ ಎಂಬ ವಾಟ್ಸಾಪ್ ಮಾತುಕತೆಯ ಹೊತ್ತು, ಎಲ್ಲ ಸೇರಿಸಿ ಮೊತ್ತ ಹಾಕಿ, ಕೆಳಗೆ ‘ಕಾಣಿಕೆ’ ಎಂದು ಬರೆದು ಸೊನ್ನೆ ಮಾಡಿ. ತಿಂಗಳಿಗೆ ಇಂತಿಷ್ಟೇ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಎಷ್ಟು ಕೊಟ್ಟಿರಿ ಎಂಬುದು ತೆಗೆದುಕೊಂಡವರಿಗೂ ತಿಳಿಯುತ್ತದೆ, ನಿಮಗೂ ತಿಳಿಯುತ್ತದೆ. ಸುಮ್ನೆ ಕೊಟ್ಟು ಒಳಗೊಳಗೇ ಗೊಣಗುವುದಕ್ಕಿಂತ ಇದು ಎಷ್ಟೋ ವಾಸಿ.

ಇನ್ನು ನೀವು ಸಂಗತಿ ಅಂತಲೇ ಎಣಿಸದ ಒಂದು ಸಂಗತಿ. ಮೂರನೇ ಪುಟದಲ್ಲಿ ಒಂದು ವಾಕ್ಯ ಹಾರಿಸಿಬಿಟ್ಟಿದ್ದೀರಿ: ‘ಫ್ರೇಮ್ ಮಾಡಿಕೊಡುವವರಿಗೆ ಎರಡು ತಿಂಗಳ ಬಾಕಿ ಇದೆ, ಅದು ಬೇರೆ ವಿಷಯ ಬಿಡಿ.’

ಬಿಡುವುದಿಲ್ಲ. ನನ್ನ ಪ್ರಕಾರ ಇಡೀ ಪತ್ರದಲ್ಲಿ ಧರ್ಮದ ಪ್ರಶ್ನೆ ಅಂತ ಇರುವುದು ಇದೊಂದೇ.

ಯಾಕೆ ಅಂತ ಹೇಳಲು ಮತ್ತೆ ಕ್ವೇಕರ್‌ಗಳ ಹತ್ತಿರವೇ ಹೋಗಬೇಕು. ಆಕ್ಸ್‌ಫರ್ಡ್, ಕೇಂಬ್ರಿಜ್ ಬಾಗಿಲು ಅವರಿಗೆ ಮುಚ್ಚಿತ್ತು. ಅಲ್ಲಿನ ಧಾರ್ಮಿಕ ಷರತ್ತುಗಳು ಬಹುಪಾಲು ಹೋದದ್ದು 1871ರಲ್ಲಿ. ಹೀಗಾಗಿ ಬುದ್ಧಿವಂತ ಹುಡುಗರು ವ್ಯಾಪಾರಕ್ಕೆ ಇಳಿದರು. ಜಾನ್ ಕ್ಯಾಡ್ಬರಿ 1824ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಂಗಡಿ ತೆರೆದಾಗ ಇನ್ನೂ 22-23ರ ಯುವಕ. ಹೆಂಡದ ಬದಲು ಜನ ಚಹಾ, ಕಾಫಿ, ಕುಡಿಯುವ ಚಾಕೊಲೇಟ್ ಕಡೆ ತಿರುಗಲಿ ಎಂಬುದು ಅವರ ಆಸೆ. ಮಕ್ಕಳಾದ ರಿಚರ್ಡ್ ಮತ್ತು ಜಾರ್ಜ್ 1879ರಲ್ಲಿ ಬೋರ್ನ್‌ವಿಲ್‌ನಲ್ಲಿ ಕಾರ್ಖಾನೆ ಕಟ್ಟಿದರು. ಮುಂದೆ ಪಕ್ಕದಲ್ಲೇ ತೋಟವಿರುವ ಮನೆಗಳ ಊರು ಎದ್ದಿತು, ಅಲ್ಲಿ ಹೆಂಡದಂಗಡಿಗೆ ಜಾಗ ಕೊಡಲಿಲ್ಲ. ಇಲ್ಲಿಯವರೆಗೆ ಇದು ನಮ್ಮ ಹೋದ ಸಂಚಿಕೆಯ ಲೇಖನದ ಹಾಗೇ ಇದೆ, ಎಲ್ಲರೂ ನಗುತ್ತಿದ್ದಾರೆ.

1901ರಲ್ಲಿ ಆ ಮನೆತನದ ವಿಲಿಯಂ ಕ್ಯಾಡ್ಬರಿ ಕಿವಿಗೆ ಒಂದು ಸುದ್ದಿ ಬಿತ್ತು. ತಾವು ಕೋಕೋ ಕೊಳ್ಳುತ್ತಿದ್ದ, ಆಗ ಪೋರ್ಚುಗೀಸರ ಕೈಯಲ್ಲಿದ್ದ ಆಫ್ರಿಕಾದ ಸಾವೊ ಟೊಮೆ ದ್ವೀಪದಲ್ಲಿ ಕೂಲಿಗಳ ಹೆಸರಿನಲ್ಲಿ ದುಡಿಯುತ್ತಿದ್ದವರು ನಿಜವಾಗಿ ಗುಲಾಮರು. ಕಂಪನಿ ವಿಚಾರಿಸಿತು, ಪೋರ್ಚುಗೀಸ್ ಸರ್ಕಾರದ ಜೊತೆ ಮಾತಾಡಿತು, ನೋಡಿಬರಲು ಜನ ಕಳಿಸಿತು. ಕೊಳ್ಳುವುದನ್ನು ನಿಲ್ಲಿಸಿದ್ದು 1909ರಲ್ಲಿ. ನಡುವಿನ ಎಂಟು ವರ್ಷ ಕೋಕೋ ಬರುತ್ತಲೇ ಇತ್ತು. ಲಂಡನ್ನಿನ ‘ಸ್ಟ್ಯಾಂಡರ್ಡ್’ ಪತ್ರಿಕೆ 1908ರಲ್ಲಿ ಇದನ್ನು ಎತ್ತಿ ಆಡಿದಾಗ ಕಂಪನಿ ಮಾನನಷ್ಟದ ಕೇಸು ಹಾಕಿತು. ಗೆದ್ದಿತು ಕೂಡ. ಆದರೆ ಜ್ಯೂರಿ ಕೊಡಿಸಿದ ಪರಿಹಾರ ಎಷ್ಟು ಗೊತ್ತಾ? ಒಂದು ಫಾರ್ದಿಂಗ್. ಒಂದು ಪೆನ್ನಿಯ ಕಾಲು ಭಾಗ.

ಅವರು ಕೆಟ್ಟವರು ಎಂದು ಹೇಳುತ್ತಿಲ್ಲ. ಕೊಳ್ಳುತ್ತಿದ್ದರೆ ತಾನೇ ನಮ್ಮ ಮಾತಿಗೆ ಬೆಲೆ ಎಂಬ ವಾದವೂ ಅವರಲ್ಲಿತ್ತು. ಆದರೆ ಆ ಫಾರ್ದಿಂಗ್ ನನ್ನ ತಲೆಯಿಂದ ಹೋಗುವುದಿಲ್ಲ. ಚಾಕೊಲೇಟ್ ಶುದ್ಧ, ಕಾರ್ಖಾನೆ ಶುದ್ಧ, ಪ್ರಾರ್ಥನೆ ಶುದ್ಧ. ತೊಡಕು ಇದ್ದದ್ದು ಸರಕು ಬರುವ ಕಡೆ, ಗಿರಾಕಿಯ ಕಣ್ಣಿಗೆ ಬೀಳದ ಕಡೆ. ನಿಮ್ಮ ಫ್ರೇಮಿನವರೂ ಗಿರಾಕಿಗೆ ಕಾಣುವುದಿಲ್ಲ, ಅಲ್ವಾ? ಕರುಣೆಯ ಬಗ್ಗೆ ಬರೆದ ಸಾಲಿಗೆ ಅವರು ನಾಲ್ಕು ಮೂಲೆ ಸೇರಿಸಿ ಮೊಳೆ ಹೊಡೆದಿದ್ದಾರೆ, ಎರಡು ತಿಂಗಳಿಂದ ಕಾಯುತ್ತಿದ್ದಾರೆ. ಈ ಪತ್ರಿಕೆ ಕೈಗೆ ಸಿಗುವ ಮೊದಲೇ ಆ ಬಾಕಿ ತೀರಿಸಿ. ಒಟ್ಟಿಗೆ ಆಗದಿದ್ದರೆ ಅರ್ಧ ಕೊಟ್ಟು, ಉಳಿದದ್ದಕ್ಕೆ ತಾರೀಕು ಹೇಳಿ.

ನಂಬಿಕೆ ಇಟ್ಟುಕೊಂಡು ವ್ಯಾಪಾರ ಮಾಡುವವರನ್ನು ನಾನು ನೋಡುವುದೇ ಹೀಗೆ: ಇವರು ಯಾವುದನ್ನು ಕಳೆದುಕೊಳ್ಳಲು ತಯಾರಿದ್ದಾರೆ? ನ್ಯೂಯಾರ್ಕಿನ ಬಿ ಆ್ಯಂಡ್ ಎಚ್ ಕ್ಯಾಮೆರಾ ಅಂಗಡಿಯ ಮಾಲೀಕರು ಯಹೂದಿಗಳು. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ, ಅಂದರೆ ಯಹೂದಿಗಳ ವಾರದ ವಿಶ್ರಾಂತಿಯಾದ ಸಬ್ಬತ್ ಹೊತ್ತಿನಲ್ಲಿ, ಅವರ ವೆಬ್‌ಸೈಟಿನಲ್ಲಿ ಸಾಮಾನು ನೋಡಬಹುದು, ಆರ್ಡರ್ ಮಾಡಲು ಆಗುವುದಿಲ್ಲ. ಕಂಪ್ಯೂಟರಿಗೆ ಸಬ್ಬತ್ ಯಾಕೆ ಎಂದು ಯಾರಾದರೂ ಕೇಳಬಹುದು. ದುಡ್ಡು ಬಂದು ಬೀಳುವುದು ತಮ್ಮ ಜೇಬಿಗೆ ತಾನೇ, ಅದಕ್ಕೆ. ಈ ತರಹದ ಹಟಕ್ಕೆ ದೇವರೇ ಬೇಕೆಂದೂ ಇಲ್ಲ. ಯ್ವೋನ್ ಶ್ವೀನಾರ್ ಎಂಬ ಅಮೆರಿಕದ ಬಂಡೆ ಹತ್ತುವ ಹುಡುಗ 1957ರಲ್ಲಿ ಕಮ್ಮಾರಿಕೆ ತಾನೇ ಕಲಿತು ಬಂಡೆಗೆ ಹೊಡೆಯುವ ಉಕ್ಕಿನ ಮೊಳೆ ಮಾಡಿ ಮಾರತೊಡಗಿದ. ವ್ಯಾಪಾರ ಬೆಳೆಯಿತು, ಆ ಮೊಳೆಗಳಿಂದ ಬಂಡೆಗಳಿಗೆ ಗಾಯವಾಗುತ್ತಿರುವುದೂ ಕಂಡಿತು. ಮೊಳೆಯೇ ಅವರ ಮುಖ್ಯ ಆದಾಯ. ಆದರೂ 1972ರ ಕ್ಯಾಟಲಾಗಿನಲ್ಲಿ, ಬಂಡೆಗೆ ಪೆಟ್ಟಾಗದಂತೆ ಬಿರುಕಿನಲ್ಲಿ ಕೈಯಿಂದಲೇ ಸಿಕ್ಕಿಸುವ ಸಾಧನ ಬಳಸಿ ಎಂದು ಗಿರಾಕಿಗಳಿಗೆ ಹೇಳಿ ಮೊಳೆಯಿಂದ ಹಿಂದೆ ಸರಿದರು. ಮುಂದೆ ಪ್ಯಾಟಗೋನಿಯಾ ಎಂಬ ಬಟ್ಟೆ ಕಂಪನಿ ಕಟ್ಟಿದವರು ಇವರೇ.

ಹಿರಿಯರ ದುಡ್ಡಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ: ಕಾಗದ ಇಲ್ಲದೆ ತೆಗೆದುಕೊಳ್ಳಬೇಡಿ. ‘ನಮ್ಮವರಲ್ಲಿ ನಂಬಿಕೆ ಇಲ್ವಾ’ ಎಂದರೆ ಒಂದು ಮಾತು ನೆನಪಿಸಿ. ಕುರಾನಿನ ಅತಿ ಉದ್ದದ ವಾಕ್ಯ ಯಾವುದರ ಬಗ್ಗೆ ಇದೆ ಗೊತ್ತಾ? ಸಾಲವನ್ನು ಬರೆದಿಡಿ, ಸಾಕ್ಷಿ ಇಟ್ಟುಕೊಳ್ಳಿ ಎನ್ನುವುದರ ಬಗ್ಗೆ. ನಂಬಿದವರಿಗೇ ಹೇಳಿದ ಮಾತು ಅದು. 2008ರ ಡಿಸೆಂಬರಿನಲ್ಲಿ ಸಿಕ್ಕಿಬಿದ್ದ, ಜನರ ದುಡ್ಡು ಹೂಡಿ ಬೆಳೆಸಿಕೊಡುತ್ತೇನೆ ಎನ್ನುತ್ತಿದ್ದ ಅಮೆರಿಕದ ಬರ್ನಿ ಮೇಡಾಫ್‌ನ ಮೋಸದಲ್ಲಿ ದೊಡ್ಡ ಪೆಟ್ಟು ತಿಂದವರಲ್ಲಿ ಅವನದೇ ಯಹೂದಿ ಸಮುದಾಯದ ದತ್ತಿ ಸಂಸ್ಥೆಗಳೂ ಇದ್ದವು. ನಮ್ಮವನೇ ಎಂಬ ಒಂದೇ ಧೈರ್ಯ.

ಮೋಸವೇ ಆಗಬೇಕೆಂದಿಲ್ಲ. ನಾನೂ ಒಬ್ಬ ಗೆಳೆಯನೂ ವಯಸ್ಸಿನಲ್ಲಿ ಸಣ್ಣ ಮುದ್ರಣದ ಕೆಲಸ ಶುರು ಮಾಡಿದ್ದೆವು. ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಕೈಮುಗಿಯುವವರು. ಯಾರು ಎಷ್ಟು ಹಾಕಿದೆವು ಎಂಬುದು ಕ್ಯಾಲೆಂಡರಿನ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ. ಮೂರನೇ ವರ್ಷ ಲೆಕ್ಕಕ್ಕೆ ಕೂತಾಗ ಅವನು ಒಂದು ಅಂಕಿ ಹೇಳಿದ, ನಾನು ಒಂದು ಹೇಳಿದೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಪೆನ್ಸಿಲ್ ಮಾಸಿಹೋಗಿತ್ತು, ಅಷ್ಟೇ. ಈಗಲೂ ಎಲ್ಲಾದರೂ ಸಿಕ್ಕರೆ ನಕ್ಕು ಪಕ್ಕಕ್ಕೆ ಸರಿಯುತ್ತೇವೆ. ನಿಮ್ಮ ಕಾಗದದಲ್ಲಿ ಇದು ಸಾಲವೋ ಪಾಲೋ ಎಂಬುದಿರಲಿ. ನಷ್ಟವಾದರೆ ಏನು, ಬೇರೆಯಾದರೆ ಹೆಸರು ಯಾರಿಗೆ, ನೀವು ಬರೆದ ಮೂಲ ಚಿತ್ರಗಳು ಯಾರಿಗೆ, ಇಷ್ಟೂ ಇರಲಿ.

ಆ ಹಿರಿಯರ ಯೋಜನೆ ಕೈಬರಹ ಬಿಟ್ಟು ಮೆಷಿನ್‌ನಲ್ಲಿ ಸಾವಿರಗಟ್ಟಲೆ ಪ್ರಿಂಟ್ ಹಾಕುವುದು. ಬೇಡ ಎನ್ನಲು ನಾನ್ಯಾರು? ಆದರೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾರೆ. 12ನೇ ಶತಮಾನದಲ್ಲಿ, ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಇಷ್ಟು ಯಾಕೆ, ಹೋಗಿ ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದವರು. ಮನೆಯಲ್ಲಿ ಅಂಥ ಒಬ್ಬರಿದ್ದರೆ ಉದ್ಯಮಿಗೆ ಬೇರೆ ಸಲಹೆಗಾರರು ಬೇಕಾಗಲಿಕ್ಕಿಲ್ಲ. ನಿಮಗೆ ತಿಂಗಳಿಗೆ ಎಷ್ಟು ಬಂದರೆ ಸಾಕು? ಆ ಅಂಕಿ ಬರೆದುಕೊಂಡು ಆಮೇಲೆ ಹಿರಿಯರ ಜೊತೆ ಮಾತಿಗೆ ಕೂರಿ.

ಇನ್ನು ಅಂಚಿನಲ್ಲಿ ಬರೆದದ್ದು. ಅದನ್ನು ಓದಿ ನನಗೆ ಸಂಕಟವಾಯಿತು, ಯಾಕೆಂದರೆ ನನ್ನದೂ ಅದೇ ಕಥೆ. ಸಂಪಾದಕನಾದ ಮೇಲೆ ಕೆಂಪು ಪೆನ್ನಿಲ್ಲದೆ ಒಂದು ಕಥೆ ಓದಲು ಆಗುತ್ತಿಲ್ಲ.

1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ನರ್ಸರಿ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಮೊದಲೇ ಚಿತ್ರ ಬಿಡಿಸುವ ಆಸೆ ಇದ್ದ ಮಕ್ಕಳು. ಕೆಲವರಿಗೆ ‘ಚಿತ್ರ ಬಿಡಿಸಿದರೆ ಬಹುಮಾನದ ಪತ್ರ ಕೊಡ್ತೀವಿ’ ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು. ಕೆಲವರಿಗೆ ಏನೂ ಕೊಡಲಿಲ್ಲ. ಕೆಲವು ದಿನ ಬಿಟ್ಟು ನೋಡಿದಾಗ, ಬಹುಮಾನದ ಮಾತು ಕೇಳಿ ಬಿಡಿಸಿದ ಮಕ್ಕಳು ಬಣ್ಣದ ಪೆನ್ನು ಹಿಡಿದದ್ದು ಉಳಿದವರ ಸುಮಾರು ಅರ್ಧದಷ್ಟು ಹೊತ್ತು. ಹೇಳದೆ ಕೊಟ್ಟವರ ಆಸೆ ಹಾಗೇ ಇತ್ತು. ದುಡ್ಡು ಕೈಗೆ ಬಂದದ್ದಕ್ಕಿಂತ, ಕೂರುವ ಮೊದಲೇ ದುಡ್ಡು ಕಣ್ಣ ಮುಂದೆ ಇರುವುದು ಕೆಡಿಸುತ್ತದೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಹಾಗಾಗಿ ಒಂದು ನೋಟ್‌ಬುಕ್ ತನ್ನಿ. ಅಗ್ಗದ್ದೇ ಇರಲಿ, ಒಳ್ಳೆಯ ಕಾಗದವಾದರೆ ಮನಸ್ಸು ಮತ್ತೆ ಮಾರಾಟದ ಕಡೆ ಓಡುತ್ತದೆ. ಅದರಲ್ಲಿ ಬರೆದದ್ದರ ಫೋಟೋ ತೆಗೆಯಬೇಡಿ. ಪೇಜಿಗೆ ಹಾಕಬೇಡಿ. ‘ಇದು ಎಷ್ಟಕ್ಕೆ’ ಎಂದು ಯಾರೂ ಕೇಳಲಾಗದ ಒಂದು ಜಾಗ ಬೇಕು. ವಾರಕ್ಕೆ ಒಂದು ದಿನ ಆರ್ಡರ್ ಮುಚ್ಚಿ, ಆ ಕ್ಯಾಮೆರಾ ಅಂಗಡಿಯವರ ಹಾಗೆ.

ಕೊನೆಗೆ, ಪತ್ರದ ಜೊತೆ ಬಂದ ಆ ಕೈಬರಹ. ‘ನಿಮ್ಮ ಕಚೇರಿಗೆ, ಉಚಿತ’ ಎಂದು ಹಿಂದೆ ಚೀಟಿ ಅಂಟಿಸಿದ್ದೀರಿ. ನನ್ನ ಮೇಜಿನ ಎದುರು ಗೋಡೆಗೆ ಹಾಕಿಸಿದ್ದೇನೆ. ಮೂರನೇ ಸಾಲಿನ ಕೊನೆಯ ಅಕ್ಷರದ ಬಾಲ ತುಸು ನಡುಗಿದೆ, ಅದೇ ನನಗೆ ಹೆಚ್ಚು ಇಷ್ಟವಾದದ್ದು. ಇದನ್ನು ಈ ತಿಂಗಳ ಕಾಣಿಕೆಯಲ್ಲಿ ಸೇರಿಸಬೇಡಿ. ಬಿಲ್ ಕಳಿಸಿ, ಫ್ರೇಮಿನ ದುಡ್ಡು ಬೇರೆ ಸಾಲಿನಲ್ಲಿ ತೋರಿಸಿ. ರಿಯಾಯಿತಿ ಕೊಟ್ಟರೆ ವಾಪಸ್ ಕಳಿಸುತ್ತೇನೆ.

ಇಂತಿ,
ಸಂಪಾದಕ